ಗೋಶೆ ರೋಗ: ಕಿಣ್ವಕ್ಕೆ ವಿಳಾಸ ಬರೆದವರ ಕಥೆ

ನೀವು ಈ ವಾಕ್ಯವನ್ನು ಓದಿ ಮುಗಿಸುವಷ್ಟರಲ್ಲಿ ನಿಮ್ಮ ದೇಹದಲ್ಲಿ ಸುಮಾರು ಒಂದು ಕೋಟಿ ಕೆಂಪು ರಕ್ತಕಣಗಳು ಆಯುಸ್ಸು ತೀರಿ ನಾಶವಾಗಿರುತ್ತವೆ. ಲೆಕ್ಕ ಕಷ್ಟವಲ್ಲ. ವಯಸ್ಕರೊಬ್ಬರ ದೇಹದಲ್ಲಿ ಹೆಚ್ಚುಕಡಿಮೆ 25 ಲಕ್ಷ ಕೋಟಿ ಕೆಂಪು ಕಣಗಳಿವೆ. ಒಂದೊಂದರ ಆಯುಸ್ಸು ಸರಿಸುಮಾರು 120 ದಿನ. ಭಾಗಿಸಿ ನೋಡಿ: ಸೆಕೆಂಡಿಗೆ 24 ಲಕ್ಷ ಕಣಗಳು ಸಾಯುತ್ತವೆ, ಅಷ್ಟೇ ಹೊಸದಾಗಿ ಹುಟ್ಟುತ್ತವೆ.

ಹುಟ್ಟಿನ ಬಗ್ಗೆ ಪಠ್ಯಪುಸ್ತಕಗಳು ಸಾಕಷ್ಟು ಹೇಳುತ್ತವೆ. ಸತ್ತ ಕಣಗಳ ಗತಿ ಏನು? ಗುಲ್ಮ (ಪ್ಲೀಹ), ಯಕೃತ್ತು ಮತ್ತು ಅಸ್ಥಿಮಜ್ಜೆಗಳಲ್ಲಿ ಕುಳಿತಿರುವ ಮಹಾಭಕ್ಷಕ ಕೋಶಗಳು ಅವನ್ನು ನುಂಗುತ್ತವೆ. ನುಂಗಿದ್ದು ಕೋಶದೊಳಗಿನ ಲೈಸೊಸೋಮ್ ಎಂಬ ಪುಟ್ಟ ಚೀಲಕ್ಕೆ ಹೋಗುತ್ತದೆ. ಅಲ್ಲಿ ಐವತ್ತಕ್ಕೂ ಹೆಚ್ಚು ಬಗೆಯ ಕಿಣ್ವಗಳು ಕಾದಿರುತ್ತವೆ. ಒಂದೊಂದಕ್ಕೂ ಒಂದೊಂದು ಕೆಲಸ. ಒಂದು ಕಿಣ್ವ ಇಲ್ಲವಾದರೆ ಅದರ ಕೆಲಸವನ್ನು ಪಕ್ಕದ ಕಿಣ್ವ ಮಾಡುವುದಿಲ್ಲ; ಆ ಹಂತದಲ್ಲಿ ಕಸ ಹಾಗೆಯೇ ಉಳಿಯುತ್ತದೆ.

ಸತ್ತ ಕಣಗಳ ಪೊರೆಯಲ್ಲಿರುವ ಒಂದು ಬಗೆಯ ಕೊಬ್ಬಿನ ಹೆಸರು ಗ್ಲೂಕೊಸೆರೆಬ್ರೊಸೈಡ್. ಒಂದು ಗ್ಲೂಕೋಸ್ ಅಣು ಅಂಟಿಕೊಂಡಿರುವ ಕೊಬ್ಬು ಅದು. ಆ ಗ್ಲೂಕೋಸನ್ನು ಕತ್ತರಿಸಿ ಬೇರ್ಪಡಿಸುವ ಕಿಣ್ವ ಗ್ಲೂಕೊಸೆರೆಬ್ರೊಸಿಡೇಸ್. ನಾಲಗೆ ತೊಡರುವ ಹೆಸರುಗಳು. ತುದಿಯನ್ನಷ್ಟೇ ಗಮನಿಸಿ: 'ಏಸ್' ಎಂದು ಮುಗಿದರೆ ಅದು ಕಿಣ್ವ. ಇನ್ನು ಮುಂದೆ ಇವನ್ನು 'ಕೊಬ್ಬು', 'ಕಿಣ್ವ' ಎಂದಷ್ಟೇ ಕರೆಯೋಣ.

ಈ ಕಿಣ್ವ 497 ಅಮೈನೊ ಆಮ್ಲಗಳನ್ನು ಪೋಣಿಸಿದ ಸರ. ಇದನ್ನು ತಯಾರಿಸುವ ಜೀನ್ ಒಂದನೆಯ ವರ್ಣತಂತುವಿನಲ್ಲಿದೆ. ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, 444ನೆಯ ಸ್ಥಾನದಲ್ಲಿ ಲ್ಯೂಸೀನ್ ಇರಬೇಕಾದಲ್ಲಿ ಪ್ರೊಲೀನ್ ಬಂದಿತೆನ್ನಿ. ಸರ ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಕಿಣ್ವ ಕೆಲಸಕ್ಕೆ ಬಾರದು. ತಂದೆ ತಾಯಿ ಇಬ್ಬರಿಂದಲೂ ಇಂಥ ದೋಷಯುಕ್ತ ಜೀನ್ ಪಡೆದ ಮಗುವಿಗೆ ಗೋಶೆ ರೋಗ ಬರುತ್ತದೆ. ಭಾರತೀಯ ರೋಗಿಗಳಲ್ಲಿ ಅತಿ ಹೆಚ್ಚಾಗಿ ಕಂಡುಬಂದಿರುವುದು ಈ 444ರ ಬದಲಾವಣೆಯೇ.

ಫಿಲಿಪ್ ಗೋಶೆ ಎಂಬ ಫ್ರೆಂಚ್ ವೈದ್ಯ 1882ರಲ್ಲಿ ಇದನ್ನು ಮೊದಲು ವರ್ಣಿಸಿದಾಗ ಇನ್ನೂ ವಿದ್ಯಾರ್ಥಿ. 32 ವರ್ಷದ ಮಹಿಳೆಯೊಬ್ಬಳ ಗುಲ್ಮ ವಿಪರೀತ ಊದಿದ್ದನ್ನು ಕಂಡು ಅವನು ಇದೊಂದು ಬಗೆಯ ಗುಲ್ಮದ ಅರ್ಬುದ ಎಂದು ಭಾವಿಸಿದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ರೋಗಿಗಳ ಮಹಾಭಕ್ಷಕ ಕೋಶಗಳು ಉಬ್ಬಿ, ಒಳಗೆಲ್ಲ ಮುದುಡಿದ ತೆಳು ಕಾಗದ ತುರುಕಿದಂತೆ ಕಾಣುತ್ತವೆ. ಆ 'ಕಾಗದ'ವೇ ಕರಗದೆ ಉಳಿದ ಕೊಬ್ಬು. ಕೋಶಗಳು ಉಬ್ಬಿದಂತೆ ಗುಲ್ಮವೂ ಯಕೃತ್ತೂ ಉಬ್ಬುತ್ತವೆ. ದೊಡ್ಡದಾದ ಗುಲ್ಮ ಒಳ್ಳೆಯ ರಕ್ತಕಣಗಳನ್ನೂ ಹಿಡಿದಿಟ್ಟು ನಾಶ ಮಾಡುತ್ತದೆ. ಅಸ್ಥಿಮಜ್ಜೆಯಲ್ಲಿ ಹೊಸ ಕಣಗಳು ಹುಟ್ಟಲು ಜಾಗವೇ ಇರುವುದಿಲ್ಲ. ರಕ್ತಹೀನತೆ, ಕಿರುತಟ್ಟೆಗಳ ಕೊರತೆಯಿಂದ ರಕ್ತಸ್ರಾವ, ಮೂಳೆನೋವು, ಸುಲಭವಾಗಿ ಮುರಿಯುವ ಮೂಳೆಗಳು, ಕುಂಠಿತ ಬೆಳವಣಿಗೆ. ತೊಡೆಮೂಳೆಯ ಕೆಳತುದಿ ಅಗಲವಾಗಿ, ಕ್ಷ-ಕಿರಣ ಚಿತ್ರದಲ್ಲಿ ನಮ್ಮ ರಸಾಯನವಿಜ್ಞಾನ ಪ್ರಯೋಗಾಲಯದ ಶಂಕುವಿನಾಕಾರದ ಫ್ಲಾಸ್ಕಿನಂತೆ ಕಾಣುತ್ತದೆ. ವೈದ್ಯರೂ ಅದನ್ನು 'ಎರ್ಲನ್‌ಮೇಯರ್ ಫ್ಲಾಸ್ಕ್ ವಿಕಾರ' ಎಂದೇ ಕರೆಯುತ್ತಾರೆ.

ತೊಟ್ಟಿಯ ಲೆಕ್ಕ

ಇಲ್ಲಿ ನಿಮಗೊಂದು ಪ್ರಶ್ನೆ ಬರಬೇಕು. ತಂದೆಗೆ ಒಂದು ದೋಷಯುಕ್ತ ಜೀನ್, ತಾಯಿಗೆ ಒಂದು. ಇಬ್ಬರಲ್ಲೂ ಕಿಣ್ವ ಸುಮಾರು ಅರ್ಧದಷ್ಟೇ. ಆದರೂ ಅವರಿಗೆ ಈ ರೋಗವಿಲ್ಲ. ಅರ್ಧ ಕಿಣ್ವ ಇದ್ದವರಿಗೆ ಅರ್ಧ ರೋಗ ಏಕಿಲ್ಲ? ಭೌತವಿಜ್ಞಾನದವನಾದ ನನಗೆ ಈ ರೋಗದಲ್ಲಿ ಆಸಕ್ತಿ ಹುಟ್ಟಿಸಿದ್ದು ಈ ಪ್ರಶ್ನೆಯೇ. ಚಿಕಿತ್ಸೆ ಏಕೆ ಸಾಧ್ಯವಾಯಿತು ಎಂಬುದಕ್ಕೂ ಇದರಲ್ಲೇ ಉತ್ತರವಿದೆ.

ನಲ್ಲಿಯಿಂದ ನೀರು ಬೀಳುತ್ತಿರುವ ತೊಟ್ಟಿಯನ್ನು ಊಹಿಸಿಕೊಳ್ಳಿ. ಕೆಳಗೆ ನೀರು ಹೊರಹೋಗುವ ತೂತಿದೆ. ಒಳಹರಿವು ಮತ್ತು ಹೊರಹರಿವು ಸಮನಾದ ಮಟ್ಟದಲ್ಲಿ ನೀರು ನಿಲ್ಲುತ್ತದೆ. ಲೈಸೊಸೋಮ್ ಅಂಥದೊಂದು ತೊಟ್ಟಿ. ಕೊಬ್ಬಿನ ಒಳಹರಿವನ್ನು 'ಒ' ಎನ್ನೋಣ. ಕಿಣ್ವ ಗರಿಷ್ಠ ಎಷ್ಟು ವೇಗದಲ್ಲಿ ಕೊಬ್ಬನ್ನು ಕತ್ತರಿಸಬಲ್ಲದೋ ಅದು 'ಗ'. ಕೊಬ್ಬಿನ ಸಾರತೆ 'ಸ'. ಮೈಕೇಲಿಸ್ ಸ್ಥಿರಾಂಕ 'ಮ'. ಕಿಣ್ವದ ವೇಗ ಸಾರತೆಯೊಡನೆ ಏರುತ್ತದೆ, ಆದರೆ ಗ ಎಂಬ ಮಿತಿಯನ್ನು ಮೀರದು. ಮೈಕೇಲಿಸ್–ಮೆಂಟೆನ್ ಸೂತ್ರವನ್ನು ಬಳಸಿ ಒಳಹರಿವನ್ನೂ ಹೊರಹರಿವನ್ನೂ ಸಮೀಕರಿಸಿದರೆ ಸಿಗುವುದು:

ಸ = ಮ × ಒ ÷ (ಗ − ಒ)

ಈಗ ಅಂಕಿಗಳನ್ನು ಹಾಕಿ ನೋಡಿ. ಉದಾಹರಣೆಗಷ್ಟೇ ಆರೋಗ್ಯವಂತರಲ್ಲಿ ಗ = 100, ಒ = 10 ಎಂದಿಟ್ಟುಕೊಳ್ಳೋಣ. ಸ = 10/90, ಅಂದರೆ ಮ-ದ 0.11 ಪಾಲು. ಜೀನ್ ವಾಹಕರಲ್ಲಿ ಗ = 50. ಆಗ ಸ = 10/40, ಅಂದರೆ 0.25 ಪಾಲು; ಏನೂ ತೊಂದರೆಯಿಲ್ಲ. ಗ ಇಪ್ಪತ್ತಕ್ಕೆ ಇಳಿದರೂ ಸ ಒಂದು ಪಾಲಷ್ಟೇ. ಗ ಹನ್ನೊಂದಕ್ಕೆ ಇಳಿದಾಗ ಮಾತ್ರ ಸ ಥಟ್ಟನೆ ಹತ್ತು ಪಾಲಿಗೆ ನೆಗೆಯುತ್ತದೆ. ಇನ್ನು ಗ ಒಂಬತ್ತಾದರೆ? ಸೂತ್ರಕ್ಕೆ ಅರ್ಥವೇ ಉಳಿಯುವುದಿಲ್ಲ. ಒಳಹರಿವು ಯಾವಾಗಲೂ ಹೊರಹರಿವಿಗಿಂತ ಹೆಚ್ಚು. ತೊಟ್ಟಿ ತುಂಬುತ್ತಲೇ ಹೋಗುತ್ತದೆ.

ಜರ್ಮನಿಯ ಕಾನ್ಸೆಲ್‌ಮನ್ ಮತ್ತು ಸ್ಯಾಂಡ್‌ಹಾಫ್ 1980ರ ದಶಕದ ಮೊದಲ ವರ್ಷಗಳಲ್ಲಿ ಈ ಹೊಸ್ತಿಲಿನ ವಿಚಾರವನ್ನು ಸ್ಪಷ್ಟವಾಗಿ ಮಂಡಿಸಿದರು. ಇದರ ಇನ್ನೊಂದು ಮುಖ ನೋಡಿ: ರೋಗಿಗೆ ನೂರಕ್ಕೆ ನೂರು ಕಿಣ್ವ ಕೊಡಬೇಕಾಗಿಲ್ಲ. ಹೊಸ್ತಿಲು ದಾಟಿಸುವಷ್ಟು ಕೊಟ್ಟರೆ ಸಾಕು. ಎಷ್ಟೋ ಆನುವಂಶಿಕ ರೋಗಗಳಲ್ಲಿ ಇಲ್ಲದ ರಿಯಾಯಿತಿ ಇದು.

ಕೊಟ್ಟದ್ದು ಸರಿ, ತಲುಪಿದ್ದು ಎಲ್ಲಿಗೆ?

ಬೆಲ್ಜಿಯಂನ ಕ್ರಿಸ್ಟಿಯನ್ ಡ ಡೂವ್ 1955ರಲ್ಲಿ ಲೈಸೊಸೋಮನ್ನು ಪರಿಚಯಿಸಿದ. (ಈ ದಾರಿಯ ಸಂಶೋಧನೆಗಳಿಗಾಗಿ 1974ರ ನೊಬೆಲ್ ಪ್ರಶಸ್ತಿಯಲ್ಲಿ ಅವನಿಗೆ ಪಾಲು ಬಂತು.) ಹೊರಗಿನಿಂದ ಕೋಶ ನುಂಗಿದ್ದೆಲ್ಲ ಕೊನೆಗೆ ಲೈಸೊಸೋಮಿಗೇ ಬರುವುದಾದರೆ, ಇಲ್ಲದ ಕಿಣ್ವವನ್ನೂ ನುಂಗಿಸಬಹುದಲ್ಲ ಎಂದು 1964ರಲ್ಲೇ ಅವನು ಸೂಚಿಸಿದ್ದ. ಮರುವರ್ಷ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಾಸ್ಕೊ ಬ್ರೇಡಿ ಗೋಶೆ ರೋಗದಲ್ಲಿ ಕೊರತೆಯಾಗಿರುವ ಕಿಣ್ವ ಯಾವುದೆಂದು ತೋರಿಸಿದ.

ಕಿಣ್ವವನ್ನು ತರುವುದು ಎಲ್ಲಿಂದ? ಪ್ರಾಣಿಗಳದ್ದಾದರೆ ದೇಹ ಅದನ್ನು ಪರಕೀಯವೆಂದು ವಿರೋಧಿಸಬಹುದು. ಮನುಷ್ಯರದ್ದೇ ಆಗಬೇಕು, ಹೇರಳವಾಗಿ ಸಿಗಬೇಕು. ಬ್ರೇಡಿ ಆರಿಸಿಕೊಂಡದ್ದು ಹೆರಿಗೆಯ ನಂತರ ಬೀಳುವ ಮಾಸನ್ನು. ಆಸ್ಪತ್ರೆಗಳು ಎಸೆಯುವ ವಸ್ತುವದು. ಅದರಿಂದ ಶುದ್ಧೀಕರಿಸಿದ ಕಿಣ್ವವನ್ನು ಇಬ್ಬರು ರೋಗಿಗಳಿಗೆ ಕೊಟ್ಟ ಫಲಿತಾಂಶ 1974ರಲ್ಲಿ ಪ್ರಕಟವಾಯಿತು. ಯಕೃತ್ತಿನಲ್ಲಿದ್ದ ಕೊಬ್ಬು 26 ಶೇಕಡ ಇಳಿದಿತ್ತು. ಆಸೆ ಚಿಗುರಿತು.

ಆದರೆ ಮುಂದಿನ ಪ್ರಯತ್ನಗಳಲ್ಲಿ ಫಲಿತಾಂಶ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರಲಿಲ್ಲ. 1974ರ ಆ ಲೇಖನಕ್ಕೂ 1991ರಲ್ಲಿ ಔಷಧಕ್ಕೆ ಮಂಜೂರಾತಿ ಸಿಕ್ಕಿದ್ದಕ್ಕೂ ನಡುವೆ 17 ವರ್ಷಗಳು ಹೋದವು. ಕಿಣ್ವ ಸರಿಯಾಗಿತ್ತು, ಕೊಟ್ಟ ದಾರಿ ಸರಿಯಾಗಿತ್ತು. ತೊಡಕಾಗಿದ್ದದ್ದು ವಿಳಾಸ.

ರಕ್ತಕ್ಕೆ ಬಿಟ್ಟ ಕಿಣ್ವ ಮಹಾಭಕ್ಷಕ ಕೋಶಗಳಿಗೆ ಹೋಗಬೇಕು. ಹೋಗುತ್ತಿದ್ದದ್ದು ಬಹುಪಾಲು ಯಕೃತ್ತಿನ ಸಾಮಾನ್ಯ ಕೋಶಗಳಿಗೆ. ಅಲ್ಲಿ ಕೊಬ್ಬಿನ ಶೇಖರಣೆಯೇ ಇಲ್ಲ! ಬೆಂಗಳೂರಿಗೆ ಹೊರಟ ಪಾರ್ಸಲನ್ನು ಪ್ರತಿಸಲವೂ ಅರಸೀಕೆರೆಯಲ್ಲೇ ಇಳಿಸಿಕೊಂಡರೆ ಹೇಗಿರುತ್ತದೆ, ಹಾಗೆ.

ಪ್ರೋಟೀನುಗಳಿಗೆ ವಿಳಾಸ ಎಲ್ಲಿ ಬರೆದಿರುತ್ತದೆ? ಬಹಳ ಪ್ರೋಟೀನುಗಳ ಮೈಮೇಲೆ ಸಕ್ಕರೆ ಅಣುಗಳ ಚಿಕ್ಕ ಸರಪಳಿಗಳು ಕವಲೊಡೆದು ನಿಂತಿರುತ್ತವೆ. ಇವು ಅಲಂಕಾರಕ್ಕೆಂದು ಬಹುಕಾಲ ಯಾರೂ ಗಂಭೀರವಾಗಿ ಪರಿಗಣಿಸಿರಲಿಲ್ಲ. ಗಿಲ್ಬರ್ಟ್ ಆಶ್‌ವೆಲ್ ಮತ್ತು ಅನಾಟೊಲ್ ಮೊರೆಲ್ 1960ರ ದಶಕದ ಕೊನೆಯ ಹೊತ್ತಿಗೆ ಒಂದು ಸರಳ ಪ್ರಯೋಗ ಮಾಡಿದರು. ರಕ್ತದಲ್ಲಿರುವ, ತಾಮ್ರವನ್ನು ಹೊರುವ ಸೆರುಲೊಪ್ಲಾಸ್ಮಿನ್ ಎಂಬ ಪ್ರೋಟೀನಿನ ಸಕ್ಕರೆ ಸರಪಳಿಗಳ ತುದಿಯಲ್ಲಿರುವ ಸಿಯಾಲಿಕ್ ಆಮ್ಲವನ್ನು ತೆಗೆದುಹಾಕಿ ಮೊಲದ ರಕ್ತಕ್ಕೆ ಸೇರಿಸಿದರು. ಮಾಮೂಲಾಗಿ ದಿನಗಟ್ಟಲೆ ರಕ್ತದಲ್ಲಿ ಸುತ್ತುವ ಪ್ರೋಟೀನ್ ಕೆಲವೇ ನಿಮಿಷಗಳಲ್ಲಿ ಮಾಯ! ಯಕೃತ್ತಿನ ಕೋಶಗಳು ಅದನ್ನು ಹಿಡಿದುಕೊಂಡಿದ್ದವು. ಸಿಯಾಲಿಕ್ ಆಮ್ಲ ಹೋದಾಗ ಅದರ ಕೆಳಗಿದ್ದ ಗ್ಯಾಲಕ್ಟೋಸ್ ಸಕ್ಕರೆ ಹೊರಗೆ ಕಂಡಿತು. ಯಕೃತ್ತಿನ ಕೋಶಗಳ ಮೇಲೆ ಗ್ಯಾಲಕ್ಟೋಸನ್ನು ಗುರುತಿಸುವ ಗ್ರಾಹಕಗಳಿವೆ. ತುದಿಯ ಸಕ್ಕರೆಯೇ ವಿಳಾಸ ಎಂಬುದು ಹೀಗೆ ತಿಳಿಯಿತು.

ಮಹಾಭಕ್ಷಕ ಕೋಶದ ಗ್ರಾಹಕಗಳು ಗುರುತಿಸುವುದು ಬೇರೊಂದು ಸಕ್ಕರೆಯನ್ನು, ಮ್ಯಾನೋಸನ್ನು. ಮಾಸಿನಿಂದ ತೆಗೆದ ಕಿಣ್ವದ ಮೇಲೂ ಮ್ಯಾನೋಸ್ ಇದೆ. ಆದರೆ ಅದರ ಮೇಲೆ ಕ್ರಮವಾಗಿ ಗ್ಲೂಕೋಸಮೈನ್ ಜಾತಿಯ ಒಂದು ಸಕ್ಕರೆ, ಆಮೇಲೆ ಗ್ಯಾಲಕ್ಟೋಸ್, ತುತ್ತತುದಿಗೆ ಸಿಯಾಲಿಕ್ ಆಮ್ಲ ಕುಳಿತಿವೆ. ಬ್ರೇಡಿಯ ತಂಡದ ಸ್ಕಾಟ್ ಫರ್ಬಿಷ್, ಜಾನ್ ಬ್ಯಾರಂಜರ್ ಮತ್ತಿತರರು ಮೂರು ಬೇರೆ ಬೇರೆ ಕಿಣ್ವಗಳನ್ನು ಒಂದಾದಮೇಲೊಂದು ಪ್ರಯೋಗಿಸಿ ಈ ಮೂರು ಸಕ್ಕರೆಗಳನ್ನು ಕಳಚಿದರು. ಎರಡನ್ನಷ್ಟೇ ಕಳಚಿದರೆ ಪ್ರಯೋಜನವಿಲ್ಲ. ಮೂರನೆಯದು ಹೋದಾಗ ಮ್ಯಾನೋಸ್ ಬಯಲಿಗೆ ಬಂತು, ಮಹಾಭಕ್ಷಕ ಕೋಶಗಳು ಕಿಣ್ವವನ್ನು ನುಂಗತೊಡಗಿದವು. 1981ರಲ್ಲಿ ಈ ಕೆಲಸ ಪ್ರಕಟವಾಯಿತು. ಕಿಣ್ವದ ಕತ್ತರಿಗೆ ಏನೂ ಬದಲಾವಣೆ ಇಲ್ಲ. ಬದಲಾದದ್ದು ಮೇಲಿನ ಲಕೋಟೆ ಮಾತ್ರ. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಹೆಜ್ಜೆ ಇದು.

ಎಂಟರಲ್ಲಿ ಒಂದು

ವಿಳಾಸ ತಿದ್ದಿದ ಕಿಣ್ವವನ್ನು 1980ರ ದಶಕದ ಮಧ್ಯದಲ್ಲಿ ಎಂಟು ರೋಗಿಗಳಿಗೆ ಕೊಡಲಾಯಿತು. ಏಳು ಮಂದಿಯಲ್ಲಿ ಗಮನಾರ್ಹ ಬದಲಾವಣೆ ಏನೂ ಕಾಣಲಿಲ್ಲ. ಒಬ್ಬನಲ್ಲಿ ಮಾತ್ರ ಸ್ಪಷ್ಟ ಸುಧಾರಣೆ. ಅವನು ನಾಲ್ಕು ವರ್ಷದ ಹುಡುಗ. ಎಂಟರಲ್ಲಿ ಒಂದು ಎಂದರೆ ಆಕಸ್ಮಿಕ ಎಂದು ಪ್ರಯೋಗವನ್ನು ಅಲ್ಲಿಗೇ ಬಿಡಬಹುದಿತ್ತು. ಆದರೆ ಅವನಲ್ಲಿ ವಿಶೇಷವೇನಿತ್ತು? ಎಂಟು ಮಂದಿಯಲ್ಲಿ ಅವನೇ ಅತಿ ಚಿಕ್ಕವ. ಎಲ್ಲರಿಗೂ ಕೊಟ್ಟದ್ದು ಒಂದೇ ಅಳತೆಯ ಔಷಧ. ಹಾಗಾಗಿ ದೇಹತೂಕದ ಕಿಲೋಗ್ರಾಂ ಲೆಕ್ಕದಲ್ಲಿ ಅತಿ ಹೆಚ್ಚು ಸಿಕ್ಕಿದ್ದು ಅವನಿಗೆ. ಉಳಿದವರಿಗೆ ಹೊಸ್ತಿಲು ದಾಟುವಷ್ಟು ಸಿಕ್ಕಿರಲಿಲ್ಲ, ಅಷ್ಟೆ. ಪ್ರಯೋಗದ ಸರಾಸರಿಯನ್ನಷ್ಟೇ ಬರೆದು ಮುಗಿಸುವ ವಿದ್ಯಾರ್ಥಿಗಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಬ್ಬ ರೋಗಿಯ ಮೇಲಿನ ಫಲಿತಾಂಶವನ್ನೇ 1990ರಲ್ಲಿ ಪ್ರಕಟಿಸಿದರು. ಮೊದಲ 20 ವಾರಗಳಲ್ಲಿ ಹಿಮೊಗ್ಲೋಬಿನ್ 100 ಮಿಲಿಲೀಟರಿಗೆ 6.9 ಗ್ರಾಮಿನಿಂದ 10.2 ಗ್ರಾಮಿಗೆ ಏರಿತ್ತು. ಮರುವರ್ಷ 12 ರೋಗಿಗಳ ಫಲಿತಾಂಶ ಬಂತು. ಎರಡು ವಾರಕ್ಕೊಮ್ಮೆ, ತೂಕದ ಪ್ರತಿ ಕಿಲೋಗ್ರಾಮಿಗೆ 60 ಯೂನಿಟ್. ಹನ್ನೆರಡೂ ಮಂದಿಯಲ್ಲಿ ಹಿಮೊಗ್ಲೋಬಿನ್ ಏರಿತು, ಗುಲ್ಮ ಕುಗ್ಗಿತು. 1991ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಔಷಧದ ಹೆಸರು ಆಲ್‌ಗ್ಲೂಸರೇಸ್, ತಯಾರಿಸಿದ್ದು ಜೆನ್‌ಜೈಮ್ ಕಂಪನಿ.

ಮಾಸಿನಿಂದ ಗಜ್ಜರಿಗೆ

ಆದರೆ ಒಬ್ಬ ವಯಸ್ಕ ರೋಗಿಯ ಒಂದು ವರ್ಷದ ಔಷಧಕ್ಕೆ ಸುಮಾರು 20 ಸಾವಿರ ಮಾಸುಗಳು ಬೇಕಾಗುತ್ತಿದ್ದವು! ನೂರು ರೋಗಿಗಳಿಗೆ 20 ಲಕ್ಷ ಹೆರಿಗೆಗಳಿಂದ ಸಂಗ್ರಹಿಸಬೇಕು. ಜೊತೆಗೆ ಮನುಷ್ಯರ ಅಂಗಾಂಶದಿಂದ ವೈರಸ್ ಹರಡಬಹುದೆಂಬ ಆತಂಕ. ಏಡ್ಸ್ ಭಯ ತೀವ್ರವಾಗಿದ್ದ ವರ್ಷಗಳವು. ಈ ದಾರಿ ಹೆಚ್ಚು ದೂರ ಹೋಗಲಾರದೆಂದು ಎಲ್ಲರಿಗೂ ಗೊತ್ತಿತ್ತು.

ಮನುಷ್ಯನ ಜೀನನ್ನು ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದ ಕೋಶಗಳಿಗೆ ಸೇರಿಸಿ, ಅವನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಕಿಣ್ವ ಪಡೆಯುವುದು ಮುಂದಿನ ಹೆಜ್ಜೆ. 1994ರಲ್ಲಿ ಬಂದ ಈ ಔಷಧ ಇಮಿಗ್ಲೂಸರೇಸ್. ಇಲ್ಲೂ ಸಕ್ಕರೆಗಳನ್ನು ಕಳಚುವ ಕೆಲಸ ತಪ್ಪಲಿಲ್ಲ. ಕೋಶಗಳನ್ನು ಬೆಳೆಸುವ ಕಾರ್ಖಾನೆಗೂ ಕಾಯಿಲೆ ಬರುತ್ತದೆ ಎಂಬುದು 2009ರಲ್ಲಿ ಗೊತ್ತಾಯಿತು. ಅಮೆರಿಕದ ಆಲ್‌ಸ್ಟನ್‌ನಲ್ಲಿದ್ದ ಕಾರ್ಖಾನೆಯ ಕೋಶಗಳಿಗೆ ಒಂದು ವೈರಸ್ ತಗಲಿತು. ಅದು ಮನುಷ್ಯರಿಗೆ ರೋಗ ತರುವಂಥದೆಂದು ತಿಳಿದಿರದಿದ್ದರೂ, ಕಾರ್ಖಾನೆ ನಿಲ್ಲಿಸಿ ಶುದ್ಧಿ ಮಾಡಬೇಕಾಯಿತು. ಜಗತ್ತಿನಾದ್ಯಂತ ರೋಗಿಗಳು ಔಷಧದ ಅಭಾವ ಅನುಭವಿಸಿದರು. ಒಂದೇ ಕಾರ್ಖಾನೆಯನ್ನು ನೆಚ್ಚಿಕೊಂಡರೆ ಆಗುವ ಗತಿ ಅದು.

2010ರಲ್ಲಿ ಮಾನವ ಕೋಶಗಳಲ್ಲೇ ತಯಾರಿಸಿದ ವೆಲಾಗ್ಲೂಸರೇಸ್ ಬಂತು. 2012ರಲ್ಲಿ ಬಂದ ಟ್ಯಾಲಿಗ್ಲೂಸರೇಸ್ ಇನ್ನೂ ಸ್ವಾರಸ್ಯಕರ. ಇಸ್ರೇಲಿನ ಪ್ರೊಟಾಲಿಕ್ಸ್ ಕಂಪನಿ ಅದನ್ನು ತಯಾರಿಸಿದ್ದು ಗಜ್ಜರಿಯ ಕೋಶಗಳಲ್ಲಿ. ಸಸ್ಯಕೋಶದ ರಸದಾನಿಗೆ ಹೋದ ಪ್ರೋಟೀನಿನ ಸಕ್ಕರೆಗಳು ಅಲ್ಲಿಯೇ ಕತ್ತರಿಸಿಕೊಂಡು ಮ್ಯಾನೋಸ್ ತಾನಾಗಿ ಬಯಲಾಗುತ್ತದೆ. ಮೂರು ಕಿಣ್ವಗಳಿಂದ ಮಾಡಿಸಬೇಕಾದ ಕೆಲಸವನ್ನು ಗಜ್ಜರಿ ಬಿಟ್ಟಿಯಾಗಿ ಮಾಡಿಕೊಡುತ್ತದೆ! ಸಸ್ಯಕೋಶದಲ್ಲಿ ತಯಾರಾಗಿ ಅಮೆರಿಕದಲ್ಲಿ ಮಂಜೂರಾತಿ ಪಡೆದ ಮೊದಲ ಪ್ರೋಟೀನ್ ಔಷಧ ಅದು.

ಹತ್ತು ನಿಮಿಷದ ಆಯುಸ್ಸು

ರಕ್ತದಲ್ಲಿ ಇಮಿಗ್ಲೂಸರೇಸ್‌ನ ಅರ್ಧಾಯು ಸುಮಾರು 4ರಿಂದ 10 ನಿಮಿಷ. ಹತ್ತು ನಿಮಿಷವೆಂದೇ ಹಿಡಿದರೂ, ಡ್ರಿಪ್ ನಿಲ್ಲಿಸಿದ ಒಂದು ಗಂಟೆಯಲ್ಲಿ ಆರು ಅರ್ಧಾಯುಗಳು ಕಳೆದು, ರಕ್ತದಲ್ಲಿ ಉಳಿಯುವುದು 64ರಲ್ಲಿ ಒಂದು ಪಾಲು. ಹಾಗಿದ್ದೂ ಎರಡು ವಾರಕ್ಕೊಮ್ಮೆ ಕೊಟ್ಟರೆ ಸಾಕಾಗುವುದು ಹೇಗೆ? ಕಿಣ್ವ ಕೆಲಸ ಮಾಡುವುದು ರಕ್ತದಲ್ಲಲ್ಲ. ಲೈಸೊಸೋಮಿನ ಒಳಗೆ ಪಿಎಚ್ 4.5ರಿಂದ 5. ರಕ್ತದಲ್ಲಿ 7.4. ನಡುವಿನ 4.7 ತೆಗೆದುಕೊಂಡರೆ ಲೈಸೊಸೋಮಿನಲ್ಲಿ ಹೈಡ್ರೋಜನ್ ಅಯಾನುಗಳ ಸಾರತೆ ರಕ್ತದಲ್ಲಿರುವುದರ 500 ಪಟ್ಟು. ಈ ಕಿಣ್ವಕ್ಕೆ ಒಗ್ಗುವುದು ಆ ಹುಳಿ ಪರಿಸರ. ರಕ್ತದಲ್ಲಿ ಅದು ಬೇಗ ಹಾಳಾಗುತ್ತದೆ, ಕೋಶದೊಳಗೆ ಹೆಚ್ಚು ಹೊತ್ತು ಬಾಳುತ್ತದೆ. ಜೊತೆಗೆ ಖಾಲಿಯಾದ ತೊಟ್ಟಿ ಮತ್ತೆ ತುಂಬುವುದು ನಿಧಾನ.

ಪ್ರಮಾಣವನ್ನೂ ನೋಡಿ. 20 ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ 1200 ಯೂನಿಟ್. ಒಂದು ಮಿಲಿಗ್ರಾಂ ಕಿಣ್ವದಲ್ಲಿ ಸುಮಾರು 40 ಯೂನಿಟ್ ಇರುವುದರಿಂದ, ಇದು ಬರೀ 30 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ.

ಅಷ್ಟೂ ಬೇಕೇ ಎಂಬ ಪ್ರಶ್ನೆಯೂ ಎದ್ದಿತು. ಅಮೆರಿಕದ ರಕ್ತತಜ್ಞ ಅರ್ನೆಸ್ಟ್ ಬೂಟ್ಲರ್ ಬೇರೆ ದಾರಿ ಸೂಚಿಸಿದ. ಮಹಾಭಕ್ಷಕ ಕೋಶಗಳ ಮೇಲಿನ ಗ್ರಾಹಕಗಳ ಸಂಖ್ಯೆ ಸೀಮಿತ. ಒಮ್ಮೆಗೇ ಹೆಚ್ಚು ಸುರಿದರೆ ಅವು ತುಂಬಿಹೋಗಿ, ಮಿಕ್ಕದ್ದು ಬೇರೆ ಕೋಶಗಳ ಪಾಲಾಗುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವನ್ನೇ ಮತ್ತೆ ಮತ್ತೆ ಕೊಡಿ ಎಂಬುದು ಅವನ ವಾದ. ಕಿಲೋಗ್ರಾಮಿಗೆ 2.3 ಯೂನಿಟ್, ವಾರಕ್ಕೆ ಮೂರು ಸಲ. ತಿಂಗಳಿಗೆ ಕೂಡಿದರೆ 30 ಯೂನಿಟ್. ಇನ್ನೊಂದು ಪದ್ಧತಿಯಲ್ಲಿ 130. ರಕ್ತ, ಗುಲ್ಮಗಳ ಮಟ್ಟಿಗೆ ಈ ಕಡಿಮೆ ಪ್ರಮಾಣದಿಂದಲೂ ಒಳ್ಳೆಯ ಫಲಿತಾಂಶ ಬಂತು. ವಾರಕ್ಕೆ ಮೂರು ಸಲ ಸೂಜಿ ಚುಚ್ಚಿಸಿಕೊಳ್ಳುವ ಕಷ್ಟದಿಂದ ಎರಡು ವಾರದ ಪದ್ಧತಿಯೇ ರೂಢಿಗೆ ಬಂತಾದರೂ, ಪ್ರತಿ ರೋಗಿಗೂ ಗರಿಷ್ಠ ಪ್ರಮಾಣ ಬೇಕಿಲ್ಲ ಎಂಬ ಮಾತು ನಿಂತಿತು. ಬಡ ದೇಶಗಳಿಗೆ ಈ ವಾದ ಬಹಳ ಮುಖ್ಯವಾದದ್ದು ಎಂಬುದು ನನ್ನ ಅಭಿಪ್ರಾಯ.

ಮಿದುಳಿನ ಬಾಗಿಲು

ಗೋಶೆ ರೋಗದಲ್ಲಿ ಮೂರು ಬಗೆಗಳಿವೆ. ಒಂದನೆಯ ಬಗೆಯಲ್ಲಿ ಮಿದುಳಿಗೆ ನೇರ ಪೆಟ್ಟಿಲ್ಲ. ಇಲ್ಲಿಯವರೆಗೆ ಹೇಳಿದ ಯಶಸ್ಸೆಲ್ಲ ಮುಖ್ಯವಾಗಿ ಈ ಬಗೆಯದು. ಎರಡನೆಯದು ಮಿದುಳನ್ನು ತೀವ್ರವಾಗಿ ಬಾಧಿಸಿ ಎಳವೆಯಲ್ಲೇ ಪ್ರಾಣ ತೆಗೆಯುತ್ತದೆ. ಮೂರನೆಯದರಲ್ಲಿ ಮಿದುಳಿನ ತೊಂದರೆ ನಿಧಾನವಾಗಿ ಬೆಳೆಯುತ್ತದೆ. ಎರಡೂ ಜೀನುಗಳಲ್ಲಿ ಆ 444ರ ದೋಷ ಇರುವವರಲ್ಲಿ ಮಿದುಳು ಬಾಧಿತವಾಗುವ ಸಾಧ್ಯತೆ ಹೆಚ್ಚು. ನಮ್ಮ ದೇಶದಲ್ಲಿ ಅಂಥ ಮಕ್ಕಳು ಕಡಿಮೆಯಿಲ್ಲ.

ಕಿಣ್ವ ಮಿದುಳನ್ನು ಪ್ರವೇಶಿಸಲಾರದು. ಮಿದುಳಿನ ಲೋಮನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಇಷ್ಟು ದೊಡ್ಡ ಅಣುವಿಗೆ ಅಲ್ಲಿ ದಾರಿಯಿಲ್ಲ. ಮೂರನೆಯ ಬಗೆಯ ಮಗುವಿಗೆ ಕಿಣ್ವ ಕೊಟ್ಟರೆ ಹೊಟ್ಟೆ ಇಳಿಯುತ್ತದೆ, ರಕ್ತ ಸುಧಾರಿಸುತ್ತದೆ, ಆಯುಸ್ಸು ಹೆಚ್ಚುತ್ತದೆ. ಮಿದುಳಿನ ತೊಂದರೆ ಉಳಿಯುತ್ತದೆ.

ಇದೂ ಒಂದು ವಿಳಾಸದ ಸಮಸ್ಯೆಯೇ. ಬೇರೆ ಲೈಸೊಸೋಮ್ ರೋಗಗಳಲ್ಲಿ ಇದಕ್ಕೆ ಕೆಲವು ಉತ್ತರಗಳು ಸಿಕ್ಕಿವೆ. ಬ್ಯಾಟನ್ ರೋಗದ ಒಂದು ಬಗೆಗೆ 2017ರಲ್ಲಿ ಮಂಜೂರಾದ ಸರ್ಲಿಪೊನೇಸ್ ಕಿಣ್ವವನ್ನು ಮಿದುಳಿನೊಳಗಿನ ದ್ರವಕ್ಕೇ ನೇರವಾಗಿ ಕೊಡುತ್ತಾರೆ. ಹಂಟರ್ ರೋಗಕ್ಕೆ ಜಪಾನ್ 2021ರಲ್ಲಿ ಒಪ್ಪಿದ ಔಷಧದಲ್ಲಿ ಜಾಣತನವಿದೆ. ಮಿದುಳಿಗೆ ಕಬ್ಬಿಣ ಬೇಕು. ಕಬ್ಬಿಣ ಹೊತ್ತ ಪ್ರೋಟೀನನ್ನು ಒಳಬಿಡಲು ಲೋಮನಾಳದ ಗೋಡೆಯ ಮೇಲೆ ಗ್ರಾಹಕಗಳಿವೆ. ಆ ಗ್ರಾಹಕಕ್ಕೆ ಅಂಟುವ ಪ್ರತಿಕಾಯಕ್ಕೆ ಕಿಣ್ವವನ್ನು ಜೋಡಿಸಿ ಒಳಗೆ ಸಾಗಿಸುತ್ತಾರೆ. ಗೋಶೆ ರೋಗದ ಕಿಣ್ವಕ್ಕೆ ಇಂಥ ಮಂಜೂರಾದ ರೂಪ ಇನ್ನೂ ಬಂದಿಲ್ಲ. ಕೆಮ್ಮಿನ ಸಿರಪ್‌ಗಳಲ್ಲಿ ಬಳಸುವ ಆಂಬ್ರಾಕ್ಸಾಲ್ ಎಂಬ ಪುಟ್ಟ ಅಣು ಮಿದುಳಿನೊಳಗೆ ಹೋಗಿ, ವಕ್ರವಾಗಿ ಮಡಚಿಕೊಂಡ ಕಿಣ್ವಕ್ಕೆ ಆಸರೆಯಾಗಬಲ್ಲದು ಎಂಬ ಪರೀಕ್ಷೆಗಳು ನಡೆದಿವೆ.

ಎಲ್ಲ ರೋಗಗಳಿಗೂ ಮ್ಯಾನೋಸೇ ವಿಳಾಸವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪೊಂಪೆ, ಫ್ಯಾಬ್ರಿ, ಹರ್ಲರ್ ರೋಗಗಳ ಕಿಣ್ವಗಳು ಸ್ನಾಯು ಮುಂತಾದ ಇತರ ಕೋಶಗಳನ್ನು ತಲುಪಬೇಕು. ಅವುಗಳಿಗೆ ಫಾಸ್ಫೇಟ್ ಅಂಟಿದ ಮ್ಯಾನೋಸ್ ವಿಳಾಸವಾಗುತ್ತದೆ. ಈ ವಿಳಾಸದ ಸುಳಿವು ಸಿಕ್ಕಿದ್ದು ಎಲಿಜಬೆತ್ ನ್ಯೂಫೆಲ್ಡ್ ಅವರ ಪ್ರಯೋಗಗಳಿಂದ. ಹರ್ಲರ್ ಮತ್ತು ಹಂಟರ್ ರೋಗಿಗಳ ಕೋಶಗಳನ್ನು ಒಂದೇ ಪಾತ್ರೆಯಲ್ಲಿ ಬೆಳೆಸಿದರೆ, ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ ಎಂದು ಅವರ ತಂಡ 1968ರಲ್ಲಿ ತೋರಿಸಿತು. ಬ್ರೇಡಿ ಮತ್ತು ನ್ಯೂಫೆಲ್ಡ್ 1982ರ ಲಾಸ್ಕರ್ ಪ್ರಶಸ್ತಿಯನ್ನು ಹಂಚಿಕೊಂಡರು.

ಬೆಲೆ

ಈ ಔಷಧದ ಬೆಲೆ ಮೊದಲಿನಿಂದಲೂ ವರ್ಷಕ್ಕೆ ಲಕ್ಷಾಂತರ ಡಾಲರುಗಳ ಲೆಕ್ಕದಲ್ಲಿದೆ. ರೋಗಿಗಳು ಕಡಿಮೆ, ತಯಾರಿಕೆ ಕಷ್ಟ ಎಂಬುದು ಒಂದು ಕಾರಣ. ಅಪರೂಪದ ರೋಗಗಳ ಔಷಧಕ್ಕೆ ಅಮೆರಿಕದ 1983ರ ಕಾನೂನು ಏಳು ವರ್ಷಗಳ ಏಕಸ್ವಾಮ್ಯ ಕೊಡುತ್ತದೆ ಎಂಬುದು ಇನ್ನೊಂದು. ಆ ಕಾನೂನು ಇಲ್ಲದಿದ್ದರೆ ಯಾವ ಕಂಪನಿಯೂ ಇದಕ್ಕೆ ಕೈಹಾಕುತ್ತಿರಲಿಲ್ಲ ಎನ್ನುವವರಿದ್ದಾರೆ. ಅದು ನಿಜವೇ ಇರಬಹುದು. ಆದರೆ ಮೊದಲ ಕಾಲು ಶತಮಾನದ ಸಂಶೋಧನೆ ಬಹುಪಾಲು ಸಾರ್ವಜನಿಕ ಹಣದಿಂದ ನಡೆದದ್ದೂ ಅಷ್ಟೇ ನಿಜ.

ಪ್ರಮಾಣ ತೂಕಕ್ಕೆ ತಕ್ಕಂತೆ ಇರುವುದರಿಂದ ಒಂದು ವಿಚಿತ್ರ ಸನ್ನಿವೇಶ ಎದುರಾಗುತ್ತದೆ. ಚಿಕಿತ್ಸೆ ಫಲಿಸಿ ಮಗು ಬೆಳೆದಷ್ಟೂ ಖರ್ಚು ಬೆಳೆಯುತ್ತದೆ. ಚಿಕಿತ್ಸೆ ಜೀವನಪರ್ಯಂತ. 2014ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ರಿಕ್ಷಾ ಎಳೆಯುವವರೊಬ್ಬರ ಮಗನ ಪ್ರಕರಣ ಬಂದಾಗ, ಅವನ ಚಿಕಿತ್ಸೆಗೆ ತಿಂಗಳಿಗೆ ಸುಮಾರು 4.8 ಲಕ್ಷ ರೂಪಾಯಿ ಬೇಕಾಗಿತ್ತು. ಸರ್ಕಾರ ಉಚಿತವಾಗಿ ಚಿಕಿತ್ಸೆ ಕೊಡಬೇಕೆಂದು ನ್ಯಾಯಾಲಯ ಆದೇಶಿಸಿತು. ಕೇಂದ್ರ ಸರ್ಕಾರದ ಅಪರೂಪದ ರೋಗಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂತು. 2022ರಲ್ಲಿ ನೆರವಿನ ಮಿತಿಯನ್ನು ಒಬ್ಬ ರೋಗಿಗೆ 50 ಲಕ್ಷ ರೂಪಾಯಿಗೆ ಏರಿಸಲಾಯಿತು. ದೆಹಲಿಯ ಆ ಮಗುವಿನ ದರದಲ್ಲಿ ಲೆಕ್ಕ ಹಾಕಿದರೆ 50 ಲಕ್ಷ ಸುಮಾರು ಹತ್ತೂವರೆ ತಿಂಗಳಿಗೆ ಸಾಕು.

ತೊಟ್ಟಿಯ ಸೂತ್ರಕ್ಕೆ ಇನ್ನೊಮ್ಮೆ ಬನ್ನಿ. ಗ ಹೆಚ್ಚಿಸಲಾಗದಿದ್ದರೆ ಒ ಕಡಿಮೆ ಮಾಡಬಹುದಲ್ಲ? ಗ ಒಂಬತ್ತೇ ಇರಲಿ; ಒ ಹತ್ತರಿಂದ ಆರಕ್ಕಿಳಿದರೆ ಸ = 6/3, ಅಂದರೆ ಎರಡು ಪಾಲಿಗೆ ನಿಲ್ಲುತ್ತದೆ. ನಲ್ಲಿಯನ್ನು ತಿರುಗಿಸುವ ಈ ಕೆಲಸ ಮಾಡುವ ಮಾತ್ರೆಗಳಿವೆ. 2014ರಲ್ಲಿ ಮಂಜೂರಾದ ಎಲಿಗ್ಲುಸ್ಟಾಟ್ ಒಂದನೆಯ ಬಗೆಯ ರೋಗಕ್ಕೆ ಬಾಯಿಯ ಮೂಲಕ ತೆಗೆದುಕೊಳ್ಳುವ ಔಷಧ. ಇದು ಪುಟ್ಟ ರಾಸಾಯನಿಕ ಅಣುವಾದ್ದರಿಂದ ನಮ್ಮ ದೇಶದ ಕಂಪನಿಗಳು ತಯಾರಿಸಬಲ್ಲವು. ಭಾರತದಲ್ಲಿ ತಯಾರಿಸಿದ್ದರಿಂದ ವರ್ಷಕ್ಕೆ 1.8ರಿಂದ 3.6 ಕೋಟಿ ರೂಪಾಯಿಯ ಖರ್ಚು 3ರಿಂದ 6 ಲಕ್ಷಕ್ಕೆ ಇಳಿಯಿತೆಂದು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. ಆದರೆ ಮಿದುಳಿನ ಬಗೆಗಳಿಗೆ ಇದೂ ಪರಿಹಾರವಲ್ಲ.

ನಮ್ಮ ಊರುಗಳಲ್ಲಿ

ಗೋಶೆ ರೋಗ ಸುಮಾರು 40 ಸಾವಿರದಲ್ಲಿ ಒಬ್ಬರಿಗೆ ಎಂದಿಟ್ಟುಕೊಂಡರೆ, ವರ್ಗಮೂಲ ತೆಗೆದಾಗ ದೋಷಯುಕ್ತ ಜೀನಿನ ಪ್ರಮಾಣ 200ರಲ್ಲಿ ಒಂದು, ವಾಹಕರು 100ರಲ್ಲಿ ಒಬ್ಬರು. ಸೋದರಮಾವ–ಸೊಸೆ ಮದುವೆಯಲ್ಲಿ, ಮಗುವಿನ ಎರಡೂ ಜೀನುಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ 8ರಲ್ಲಿ ಒಂದು. ಅತ್ತೆಯ ಮಗ ಅಥವಾ ಮಾವನ ಮಗಳ ಜೊತೆಗಿನ ಮದುವೆಯಲ್ಲಿ 16ರಲ್ಲಿ ಒಂದು. ಇದನ್ನು ಸೇರಿಸಿ ಲೆಕ್ಕ ಮಾಡಿದರೆ ರೋಗದ ಸಂಭವ ಮೊದಲನೆಯದರಲ್ಲಿ ಸುಮಾರು 1,550ರಲ್ಲಿ ಒಂದು, ಎರಡನೆಯದರಲ್ಲಿ ಸುಮಾರು 3,000ದಲ್ಲಿ ಒಂದು. ಮೊದಲಿನದಕ್ಕಿಂತ ಕ್ರಮವಾಗಿ 26 ಮತ್ತು 13 ಪಟ್ಟು. ಎರಡನೆಯ ಪಿಯುಸಿ ವಿದ್ಯಾರ್ಥಿಗಳಿಂದ ಈ ಲೆಕ್ಕ ಮಾಡಿಸಬಹುದು. ತರಗತಿಯಲ್ಲಿ ಇಂಥ ಮದುವೆಯಿಂದ ಹುಟ್ಟಿದ ಮಕ್ಕಳೂ ಇರುತ್ತಾರೆ ಎಂಬ ಎಚ್ಚರ ಇರಲಿ. 1,550ರಲ್ಲಿ 1,549 ಮಕ್ಕಳಿಗೆ ಈ ರೋಗ ಇರುವುದಿಲ್ಲ ಎಂಬುದನ್ನೂ ಹೇಳಿ.

ಹೊಟ್ಟೆಯ ಎಡಭಾಗ ಉಬ್ಬಿರುವ, ಬಿಳಿಚಿಕೊಂಡಿರುವ, ಸಣ್ಣ ಪೆಟ್ಟಿಗೂ ಮೈಮೇಲೆ ನೀಲಿಗಟ್ಟುವ, ವಯಸ್ಸಿಗೆ ತಕ್ಕಂತೆ ಬೆಳೆಯದ ಮಗು ನಿಮ್ಮ ಶಾಲೆಯಲ್ಲಿದ್ದರೆ ಕಾರಣ ಹಲವು ಇರಬಹುದು: ಮಲೇರಿಯಾ, ಥಲಸ್ಸೀಮಿಯಾ, ಬೇರೆ ರಕ್ತರೋಗಗಳು. ಅವುಗಳಲ್ಲಿ ಯಾವುದೂ ಅಲ್ಲವೆಂದಾದರೆ ಗೋಶೆ ರೋಗದ ಪರೀಕ್ಷೆ ಆಗಬೇಕು. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಜಂಟಿಯಾಗಿ, ರಾಷ್ಟ್ರೀಯ ನೀತಿಯಡಿ ಗುರುತಿಸಲಾದ ಉತ್ಕೃಷ್ಟತಾ ಕೇಂದ್ರವಾಗಿವೆ.

ಪರೀಕ್ಷೆಯ ತತ್ತ್ವ ಸರಳ. ಮಗುವಿನ ಬಿಳಿ ರಕ್ತಕಣಗಳಿಗೆ ಒಂದು ಕೃತಕ ವಸ್ತುವನ್ನು ಸೇರಿಸುತ್ತಾರೆ. ಕಿಣ್ವ ಇದ್ದರೆ ಅದು ಆ ವಸ್ತುವಿನಿಂದ ಗ್ಲೂಕೋಸನ್ನು ಕತ್ತರಿಸುತ್ತದೆ, ಉಳಿದ ಭಾಗ ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಹೊಳಪನ್ನು ಅಳೆದರೆ ಕಿಣ್ವದ ಪ್ರಮಾಣ ತಿಳಿಯುತ್ತದೆ. ಮೊದಲ ಜರಡಿಗೆ ಸೋಸುಕಾಗದದ ಮೇಲೆ ಒಣಗಿಸಿದ ಕೆಲವು ಹನಿ ರಕ್ತವೂ ಸಾಕು; ಅದನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲೇ ಕಳಿಸಬಹುದು.